ನಾಲ್ಕು ಮಂಚದ ಗಾಡಿಮನೆ

ನನಗೆ ಕನಸು ಬೀಳುವುದು ಹಗಲಿನಲ್ಲಿ, ಅದೂ ಆಫೀಸಿನಲ್ಲಿ. ಮನೆಯಲ್ಲಿ ಅದಕ್ಕೆ ಅವಕಾಶವಿಲ್ಲ (ನಾನು ಗೊರಕೆ ಶುರು ಮಾಡಿದ ಕೂಡಲೇ ನನ್ನ ಶ್ರೀಮತಿ ಶ್ರಾವಣಿ ಮೊಣಕೈಯಿಂದ ತಿವಿದು, ಕನಸು ಅರಳುವ ಮೊದಲೇ ಕಿತ್ತು ಹಾಕುತ್ತಾಳೆ). ಕುವೈತ್ ನಗರದ ಮಿರ್ಕಾಬ್ ಬಡಾವಣೆಯ ಒಂದು ಲಿಫ್ಟ್ ಕಂಪನಿಯಲ್ಲಿ ನಾನು ಇಂಜಿನಿಯರ್. ಲಿಫ್ಟಿನೊಳಗೆ ಹೊಳೆಯುವ ಫಲಕದ ಮೇಲೆ ‘ಎಂಟು ಜನ, ಆರುನೂರ ಮೂವತ್ತು ಕಿಲೋ’ ಎಂದು ಬರೆದಿರುತ್ತದಲ್ಲ, ಆ ಎಂಟು ಜನರನ್ನು ನಿರ್ಧರಿಸುವ ಮಹಾನುಭಾವ ನಾನೇ. ಕುವೈತಿನಲ್ಲಿ ದಿನಾ ಎಷ್ಟೋ ಸಾವಿರ ಜನ ಈ ರಾಜಗೋಪಾಲನ ಎಣಿಕೆಯನ್ನು ನಂಬಿ ಮೇಲೆ ಕೆಳಗೆ ಓಡಾಡುತ್ತಾರೆ. ಈ ವಿಷಯವನ್ನು ತಾವು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ನನಗಂತೂ ಇದನ್ನು ಮರೆಯಲು ಮನೆಯಲ್ಲಿ ಯಾರೂ ಬಿಡುತ್ತಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ, ಡಬ್ಬಿಯ ಮೊಸರನ್ನ ಮುಗಿಸಿ ಕಿಟಕಿಯ ಬಳಿ ನಿಂತಿದ್ದೆ. ಕೆಳಗಿನ ರಸ್ತೆಯಲ್ಲಿ ಒಂದು ಪಿಕಪ್ಪು ತನ್ನ ಹಿಂದೆ ಬಿಳಿಯ ಪುಟ್ಟ ಮನೆಯೊಂದನ್ನು ಎಳೆದುಕೊಂಡು ಹೋಗುತ್ತಿತ್ತು. ಚಕ್ರದ ಮೇಲಿನ ಮನೆ. ಅದಕ್ಕೊಂದು ಬಾಗಿಲು, ಎರಡು ಕಿಟಕಿ, ಕಿಟಕಿಗೆ ಹೂವಿನ ಪರದೆ. ಚಳಿ ಬಂತೆಂದರೆ ಈ ದೇಶದ ಜನ ಹೀಗೆಯೇ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಮರುಭೂಮಿಗೆ ಹೊರಟುಬಿಡುತ್ತಾರೆ, ಅಲ್ಲಿ ಕೂತು ಚಹಾ ಕುಡಿಯುತ್ತಾ ದಿನ ಕಳೆಯುತ್ತಾರೆ. ಹದಿನೆಂಟು ವರ್ಷದಿಂದ ನಾವು ಅದನ್ನು ಸಾಲ್ಮಿಯಾದ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಸ್ವೆಟರ್ ಹಾಕಿಕೊಂಡು ನೋಡುತ್ತಾ ಬಂದಿದ್ದೇವೆ.

ಆ ಗಾಡಿಮನೆ ತಿರುವಿನಲ್ಲಿ ಮರೆಯಾಯಿತು, ನನ್ನ ಕನಸು ಶುರುವಾಯಿತು. ಎಲ್ಲಿ ನೋಡಿದರೂ ಹೊಂಬಣ್ಣದ ಮರಳು. ನಡುವೆ ನಮ್ಮ ಗಾಡಿಮನೆ. ಕಿಟಕಿಯಲ್ಲಿ ಶ್ರಾವಣಿ ಕಾಫಿ ಲೋಟ ಹಿಡಿದು ಮುಗುಳ್ನಗುತ್ತಿದ್ದಾಳೆ (ಕನಸು ಎಂದು ಮೊದಲೇ ಹೇಳಿದ್ದೇನೆ). ಬಾಗಿಲ ಮೆಟ್ಟಿಲ ಮೇಲೆ ನನ್ನ ಅಮ್ಮ ಸರಸಮ್ಮ ಎಳೆಬಿಸಿಲು ಕಾಯಿಸುತ್ತಾ ಬತ್ತಿ ಹೊಸೆಯುತ್ತಿದ್ದಾರೆ. ಒಳಗೆ ಮಗ ಕುಶಾಲ ಫೋನಿಲ್ಲದೆ ಕೂತಿದ್ದಾನೆ. ಮೇಲಿನ ಮಂಚದಲ್ಲಿ ಮಗಳು ನಿಧಿ ಹೊಟ್ಟೆಯಡಿಯಾಗಿ ಮಲಗಿ, ಕೆಳಗೆ ಬಗ್ಗಿ, ತಮ್ಮನನ್ನು ಏನೋ ಹೇಳಿ ನಗಿಸುತ್ತಿದ್ದಾಳೆ. ಇಡೀ ಗಾಡಿ ಆ ನಗುವಿಗೆ ಮೆಲ್ಲಗೆ ಅಲುಗಾಡುತ್ತಿದೆ.

ನಿಧಿಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದೆಲ್ಲ ನನ್ನ ಹುಚ್ಚಾಟ ಅನಿಸೀತು. ಅವಳಿಗೀಗ ಹನ್ನೆರಡನೇ ಕ್ಲಾಸು. ಇಲ್ಲಿ ಬೆಳೆದ ನಮ್ಮ ಮಕ್ಕಳು ಹನ್ನೆರಡು ಮುಗಿಸಿದರೆ ಸೂಟ್‌ಕೇಸ್ ಕಟ್ಟಿ ಊರಿನ ಕಾಲೇಜಿಗೆ ಹೋಗುತ್ತಾರೆ. ಆಮೇಲೆ ರಜಕ್ಕೆ ಬಂದರೆ ಉಂಟು, ಇಲ್ಲವಾದರೆ ಇಲ್ಲ. ಬರುವ ಜೂನ್‌ಗೆ ಅವಳಿಗೆ ಮೈಸೂರಿನ ಹಾಸ್ಟೆಲ್ಲು. ಸಾಲ್ಮಿಯಾದ ಫ್ಲಾಟಿನಲ್ಲಿ ನಾವು ಒಬ್ಬೊಬ್ಬರು ಒಂದೊಂದು ಬಾಗಿಲು ಹಾಕಿಕೊಂಡು ಬದುಕುವವರು. ಊಟಕ್ಕೆ ಕರೆಯುವುದೂ ವಾಟ್ಸಾಪಿನಲ್ಲಿ. ಅವಳು ಹೋಗುವ ಮೊದಲು ಒಂದೇ ಒಂದು ದಿನ, ಎಲ್ಲರೂ ಬಾಗಿಲಿಲ್ಲದ ಒಂದು ಕೋಣೆಯಲ್ಲಿ ಒಟ್ಟಿಗೆ ಮಲಗಿ ಏಳಬೇಕು. ಇದು ನನ್ನ ಆಸೆ. ಯಾರಿಗೂ ಹೇಳಿರಲಿಲ್ಲ.

“ಶ್ರಾವಣಿ, ನಾವೊಂದು ಕಾರವಾನ್ ತಗೊಳ್ಳೋಣ” ಎಂದೆ ಆ ಸಂಜೆ, ಕಾಫಿಯ ಹೊತ್ತಿಗೆ.

“ಏನದು?”

“ಚಕ್ರ ಇರೋ ಮನೆ.”

“ಚಕ್ರ ಇಲ್ದಿರೋ ಮನೇನೇ ಗುಡಿಸಿ ಒರೆಸಿ ನನ್ನ ಸೊಂಟ ಬಿದ್ದು ಹೋಗಿದೆ. ಇನ್ನೊಂದು ಬೇಕಾ? ಎಲ್ಲಿ ನಿಲ್ಲಿಸ್ತೀರಿ ಅದನ್ನ, ಬಾಲ್ಕನೀಲಾ?”

“ಶುವೈಖಿನಲ್ಲಿ ಅಹ್ಮದ್ ಬಾವಾ ಅಂತ ನಮ್ಮ ಮಂಗಳೂರು ಕಡೆಯವರು ಹಳೇ ಕಾರವಾನ್ ಮಾರ್ತಾರೆ. ಅವರ ಯಾರ್ಡಲ್ಲೇ ಇಟ್ಕೊಳ್ತಾರಂತೆ. ಬೇಕಾದಾಗ ಅವರ ಪಿಕಪ್ಪಲ್ಲೇ ಎಳೆದು ಬಿಟ್ಟು ಬರ್ತಾರಂತೆ.”

“ಅಂದ್ರೆ ಫೋನ್ ಮಾಡೀನೂ ಆಗಿದೆ. ಅಲ್ಲಾರೀ, ಬೋರ್ಡ್ ಎಕ್ಸಾಮ್ ಇಟ್ಕೊಂಡು ಅವಳು ಮರಳಲ್ಲಿ ಕೂತು ಕೆಮಿಸ್ಟ್ರಿ ಓದ್ತಾಳಾ?”

ನಿಧಿ ಕಿವಿಯಿಂದ ಇಯರ್‌ಫೋನಿನ ಒಂದು ಬಿರಡೆ ತೆಗೆದು, “ಅಪ್ಪ, ಆರ್ ಯೂ ಓಕೆ?” ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಬಿರಡೆಯನ್ನು ಮತ್ತೆ ತುರುಕಿಕೊಂಡಳು. ಕುಶಾಲ ಅಲ್ಲಿ ವೈಫೈ ಇರುತ್ತದೆಯೇ ಎಂದಷ್ಟೇ ವಿಚಾರಿಸಿದ. ನನ್ನ ಕೈ ಹಿಡಿದದ್ದು ಅಮ್ಮ. ಮೈಸೂರಿನ ಮನೆ ಖಾಲಿ ಮಾಡಿ ನಮ್ಮ ಜೊತೆಗೇ ಇರಲು ಬಂದು ಹದಿನೈದು ದಿನವಾಗಿತ್ತು.

“ಹನ್ನೊಂದನೇ ಮಹಡೀಲಿ ಪಂಜರದ ಗಿಳಿ ಥರ ಕೂರಿಸಿದೀಯ ಗೋಪಾಲ. ಅದೇನು ಗಾಡಿಯೋ, ಎಲ್ಲಿಗೋ, ಮೊದಲು ನಡಿ” ಎಂದರು. ಅತ್ತೆಯ ಮಾತನ್ನು ನನ್ನೆದುರು ಧಿಕ್ಕರಿಸಬಾರದೆಂಬ ಸೌಜನ್ಯ ಶ್ರಾವಣಿಗಿದೆ (ನನ್ನ ಮಾತಿಗೆ ಆ ಭಾಗ್ಯವಿಲ್ಲ).

ಶುಕ್ರವಾರ ಬೆಳಿಗ್ಗೆ ನಮ್ಮ ಸಂಸಾರ ಶುವೈಖ್ ಇಂಡಸ್ಟ್ರಿಯಲ್ ಏರಿಯಾಕ್ಕೆ ದಂಡಯಾತ್ರೆ ಹೊರಟಿತು. ಗ್ಯಾರೇಜುಗಳ ನಡುವಿನ ಒಂದು ಅಂಗಳದಲ್ಲಿ ಹತ್ತಾರು ಗಾಡಿಮನೆಗಳು ಸಾಲಾಗಿ ನಿಂತಿದ್ದವು. ಅಹ್ಮದ್ ಬಾವಾ ಬಿಳಿ ಗಡ್ಡದ ಸಾವಧಾನದ ಮನುಷ್ಯ.

“ಬನ್ನಿ ಬನ್ನಿ. ಮಲಗ್ಲಿಕ್ಕೆ ಎಷ್ಟು ಜನ ಉಂಟು ಸಾರ್?” ಎಂದು ಮೊಟ್ಟಮೊದಲಿಗೆ ಕೇಳಿದರು.

ನಾನು ವೃತ್ತಿಗೆ ತಕ್ಕ ಗಾಂಭೀರ್ಯದಿಂದ ಹಿಂತಿರುಗಿ, ಒಬ್ಬೊಬ್ಬರ ಕಡೆಗೂ ಬೆರಳು ತೋರಿಸಿ ಎಣಿಸಿದೆ. “ನಾಲ್ಕು.”

“ಹಾಗಾದ್ರೆ ಆಯ್ತು, ನಾಲ್ಕರದ್ದು ಬೇಕಾದಷ್ಟು ಉಂಟು” ಎಂದರು ಬಾವಾ.

ಮೊದಲನೆಯದು ಯಾವನೋ ಶೋಕಿಲಾಲ ಸಾಕಿದ್ದ ಅರಮನೆ. ಒಳಗೆ ಗಾಜಿನ ದೀಪಗುಚ್ಛ, ಗೋಡೆಗೆಲ್ಲ ಕನ್ನಡಿ. ನಾನು ಅರ್ಧ ಮನಸೋತೇಬಿಟ್ಟಿದ್ದೆ. ಅಮ್ಮ ಒಂದು ಬಾಗಿಲು ತೆರೆದು, ಇನ್ನೊಂದು ಬಾಗಿಲು ತೆರೆದು, ಹೊರಗಿಳಿದು ಬಂದರು. “ಒಲೆಯ ಗೋಡೆಗೆ ಅಂಟಿಕೊಂಡೇ ಪಾಯಿಖಾನೆ ಇದೆ. ಅನ್ನ ಮಾಡೋದೆಲ್ಲಿ, ಅನ್ನಪೂರ್ಣೇಶ್ವರಿ ನಿಲ್ಲೋದೆಲ್ಲಿ? ಮುಂದೆ ನಡಿ.” ಎರಡನೆಯದು ಮಡಿಚುವಂಥದ್ದು. ಬಾವಾ ಒಂದು ಹಿಡಿ ಎಳೆದರು, ಗೋಡೆಯೊಳಗಿಂದ ಮಂಚ ಜಾರಿ ಬಂತು. ಶ್ರಾವಣಿ ಅದನ್ನು ಒಳಗೆ ತಳ್ಳಿ, ಹೊರಗೆ ಎಳೆದು, “ನನ್ನನ್ನ ಮಸಾಲೆ ಡಬ್ಬಿ ಥರ ಒಳಗೆ ಹಾಕಿ ಮುಚ್ಚೋ ಪ್ಲಾನಾ?” ಎಂದು ಕೇಳಿದಳು. ಆ ಪ್ರಶ್ನೆಗೆ ತಕ್ಷಣ ‘ಇಲ್ಲ’ ಎನ್ನಬೇಕಿತ್ತು. ಒಂದು ಕ್ಷಣ ಯೋಚಿಸಿದ್ದು ನನ್ನ ತಪ್ಪು.

ಮೂರನೆಯದರ ಮುಂದೆ ಎಲ್ಲರೂ ನಿಂತುಬಿಟ್ಟರು. ಕೆನೆಬಣ್ಣದ ಗಾಡಿ, ಸೊಂಟಕ್ಕೆ ನೀಲಿ ಪಟ್ಟಿ, ಕಿಟಕಿಗಳಿಗೆ ಹೂವಿನ ಪರದೆ. ಪಾಯಿಖಾನೆ ಒಂದು ತುದಿಗೆ, ಒಲೆ ಇನ್ನೊಂದು ತುದಿಗೆ. ಕೆಳಗೆರಡು ಮಂಚ, ಮೇಲೆರಡು ಮಂಚ, ಮೇಲಿನ ಒಂದು ಮಂಚದ ತಲೆಯ ಬಳಿ ರೊಟ್ಟಿಯಷ್ಟಗಲದ ದುಂಡು ಕಿಟಕಿ. ಶ್ರಾವಣಿ ಕೈಚೀಲದಿಂದ ಐದು ಲೀಟರಿನ ಕುಕ್ಕರ್ ತೆಗೆದಳು. (ಹೌದು, ಮನೆಯಿಂದ ತಂದಿದ್ದಳು. ನನಗೂ ಆಗಲೇ ಗೊತ್ತಾಗಿದ್ದು.) ಅದನ್ನು ಒಲೆಯ ಮೇಲಿಟ್ಟು, ವಿಷಲ್ ಕೂರಿಸಿ, ಮೇಲಿನ ಕಪಾಟಿಗೂ ವಿಷಲ್ಲಿಗೂ ನಡುವೆ ಬೆರಳಿಟ್ಟು ಅಳೆದಳು.

“ಎರಡು ಬೆರಳು ಜಾಗ ಇದೆ. ಕೂಗುತ್ತೆ” ಎಂದು ತೀರ್ಪಿತ್ತಳು.

“ಇಪ್ಪತ್ತು ವರ್ಷ ಆಯ್ತು ನನಗೆ ಈ ಬಿಸಿನೆಸ್ಸಲ್ಲಿ. ಟೈರ್ ನೋಡಿದವರುಂಟು, ಬ್ರೇಕ್ ನೋಡಿದವರುಂಟು. ಕುಕ್ಕರ್ ಇಟ್ಟು ನೋಡಿದವರು ನೀವೇ ಮಾರ್ರೆ” ಎಂದರು ಬಾವಾ.

ಆಮೇಲೆ ನನ್ನ ಕನಸು ನನ್ನ ಕಣ್ಣೆದುರೇ ಜರುಗಿತು. ಅಮ್ಮ ಕೆಳಗಿನ ಎಡ ಮಂಚದಲ್ಲಿ ಮಂಡಿ ನೀವಿಕೊಳ್ಳುತ್ತಾ ಕಾಲು ಚಾಚಿದರು. “ಇದು ನನ್ನದು.” ಎದುರಿನದರಲ್ಲಿ ಶ್ರಾವಣಿ ಒರಗಿದಳು. ಕುಶಾಲ ಮಂಗನಂತೆ ಮೇಲೇರಿದ. ನಿಧಿ ಬಿರಡೆಗಳನ್ನು ಕಿತ್ತು ಜೇಬಿಗೆ ಹಾಕಿ, ದುಂಡು ಕಿಟಕಿಯ ಮಂಚಕ್ಕೆ ಹತ್ತಿ, ಹೊಟ್ಟೆಯಡಿಯಾಗಿ ಮಲಗಿ, “ದಿಸ್ ಈಸ್ ಮೈನ್. ನೋಬಡಿ ಟಚ್” ಎಂದಳು. ನಾನು ಬಾಗಿಲಲ್ಲಿ ನಿಂತು ಫೋಟೋ ತೆಗೆದೇ ತೆಗೆದೆ. ನಮ್ಮ ಮನೆಯ ಫೋಟೋಗಳೆಲ್ಲ ನಾನು ತೆಗೆದವೇ, ಯಾವುದರಲ್ಲೂ ನಾನಿಲ್ಲ. ನಾಲ್ಕು ಮಂಚ, ನಾಲ್ಕೂ ಭರ್ತಿ. ಇಷ್ಟು ಅಚ್ಚುಕಟ್ಟಾದ ಎಣಿಕೆ ಆಫೀಸಿನಲ್ಲೂ ನನಗೆ ಸಿಕ್ಕಿರಲಿಲ್ಲ. ಕಣ್ಣು ಒದ್ದೆಯಾಯಿತು. “ಖಲಾಸ್ ಬಾವಾ, ಇದೇ!” ಎಂದೆ.

ಗಾಡಿಯೇನೋ ನಮ್ಮದಾಯಿತು. ಆದರೆ ಅಮ್ಮ ಒಂದು ಮೂಲಭೂತ ಪ್ರಶ್ನೆ ಎತ್ತಿದರು. “ಇದು ಮನೆಯೋ, ವಾಹನವೋ? ಗೃಹಪ್ರವೇಶ ಮಾಡಬೇಕೋ, ವಾಹನಪೂಜೆ ಮಾಡಬೇಕೋ?”

ಈ ಧರ್ಮಸೂಕ್ಷ್ಮವನ್ನು ಬಿಡಿಸಲು ನಾವು ಶುವೈಖಿನ ಅಂಗಳದಿಂದಲೇ ಮೈಸೂರಿನ ನಮ್ಮ ಪುರೋಹಿತರಾದ ಶಾಸ್ತ್ರಿಗಳಿಗೆ ವಿಡಿಯೋ ಕಾಲ್ ಮಾಡಿದೆವು. ಅವರು ತೆರೆಯ ತುಂಬ ಹಣೆಯನ್ನೇ ತೋರಿಸುತ್ತಾ ಕೇಳಿದರು:

“ಚಕ್ರ ಇದೆಯೋ?”

“ಇದೆ.”

“ಒಲೆ?”

“ಇದೆ.”

ತೆರೆಯ ಮೇಲಿನ ಹಣೆ ಸುಕ್ಕುಗಟ್ಟಿತು. “ಹಾಗಾದರೆ ಎರಡನ್ನೂ ಮಾಡಿಬಿಡಿ. ಬಾಗಿಲು ಪೂರ್ವಕ್ಕಿರಲಿ. ಹಾಲು ಪೂರ್ವಕ್ಕೆ ಉಕ್ಕಲಿ. ಮತ್ತೆ ಮೊದಲ ದಿನ ಯಜಮಾನ ಆ ಮನೆಯಲ್ಲೇ ಮಲಗಬೇಕು, ಹೊರಗೆ ಮಲಗಕೂಡದು.”

ಮುಂದಿನ ಶುಕ್ರವಾರ ಬೆಳಿಗ್ಗೆ, ಹೊರಡುವ ಮುನ್ನ, ಅದೇ ಯಾರ್ಡಿನಲ್ಲಿ ಉಭಯ ಸಂಸ್ಕಾರಗಳೂ ನೆರವೇರಿದವು. ನಮ್ಮ ಗಾಡಿಮನೆಯ ಬಾಗಿಲು ಪಶ್ಚಿಮಕ್ಕಿತ್ತು. ಬಾವಾ ಪಿಕಪ್ಪು ಕಟ್ಟಿ, ಹಿಂದೆ ಮುಂದೆ ಆಡಿಸಿ, ಬೆವರು ಸುರಿಸಿ, ಇಡೀ ಮನೆಯನ್ನು ತಿರುಗಿಸಿ ನಿಲ್ಲಿಸಿದರು. ಅಮ್ಮ ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದರು. “ವಾಸ್ತು ಸರಿಯಿಲ್ಲ ಅಂದ್ರೆ ಮನೇನೇ ತಿರುಗಿಸಬಹುದು! ಇಂಥದ್ದು ನಿಮ್ಮಪ್ಪನ ಕಾಲದಲ್ಲಿ ಸಿಕ್ಕಿದ್ದಿದ್ರೆ ಎಷ್ಟು ಗೋಡೆ ಒಡೆಯೋದು ತಪ್ತಿತ್ತೋ!”

ಹಾಲಿಟ್ಟರೆ, ಗಾಡಿ ತುಸು ಪಶ್ಚಿಮಕ್ಕೆ ವಾಲಿದೆ. ಅಮ್ಮ ಪಾತ್ರೆಯನ್ನೂ ನೆಲವನ್ನೂ ನೋಡಿ, “ಬಾವಾ, ಈ ಕಡೆ ಸ್ವಲ್ಪ ಎತ್ತಪ್ಪ” ಎಂದರು. ಆ ಪುಣ್ಯಾತ್ಮ ಜಾಕ್ ತಂದು ಒಂದು ಪಕ್ಕವನ್ನು ಎತ್ತಿದರು. ಹಾಲು ಪೂರ್ವಕ್ಕೆ ಉಕ್ಕಿತು. ಜಾಕ್ ಎರಡು ಹಲ್ಲು ಹೆಚ್ಚಾಗಿದ್ದರಿಂದ ಮಿಕ್ಕದ್ದೂ ಪೂರ್ವಕ್ಕೇ ಹರಿದು, ಬಾಗಿಲಲ್ಲಿ ಕೈಮುಗಿದು ನಿಂತಿದ್ದ ನನ್ನ ಚಪ್ಪಲಿಯೊಳಗೆ ಸಮಾಪ್ತವಾಯಿತು. ಆಮೇಲೆ ಚಕ್ರಗಳಡಿ ನಿಂಬೆಹಣ್ಣು. ಬಾವಾ ತಾವೇ ‘ಬಿಸ್ಮಿಲ್ಲಾ’ ಎಂದು ಗಾಡಿ ಎಳೆದರು, ಎರಡೂ ಹಣ್ಣು ಪಚಕ್ಕೆಂದವು. ಎಲ್ಲ ದೇವರ ಅನುಮತಿ ಸಿಕ್ಕಿದಂತಾಯಿತು.

ಶುವೈಖಿನಿಂದ ಸುಬಿಯಾದ ಮರುಭೂಮಿಗೆ ಸಮುದ್ರದ ಮೇಲೆ ಉದ್ದಾನುದ್ದ ಸೇತುವೆ. ಮುಂದೆ ಬಾವಾರ ಪಿಕಪ್ಪು, ಅದರ ಹಿಂದೆ ನಮ್ಮ ಗಾಡಿಮನೆ, ಅದರ ಹಿಂದೆ ಕಾರಿನಲ್ಲಿ ನಾವು. ಎರಡೂ ಕಡೆ ನೀರು ತಿಳಿನೀಲಿಯಾಗಿ ಮಲಗಿತ್ತು, ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ. ಪಿಕಪ್ಪು ಆ ಮಂಜಿನಲ್ಲಿ ಆಗಾಗ ಕಾಣದೆ ಹೋಗುತ್ತಿತ್ತು. ಆಗ ನಮ್ಮ ಮನೆಯೊಂದೇ ತನ್ನ ಪಾಡಿಗೆ ತಾನು, ಹೂವಿನ ಪರದೆ ಹಾರಿಸುತ್ತಾ, ಸಮುದ್ರದ ಮೇಲೆ ತೇಲಿಕೊಂಡು ಹೋದಂತೆ ಕಾಣುತ್ತಿತ್ತು. ನಿಧಿ ಮುಂದಿನ ಸೀಟಿನಲ್ಲಿ ಗಲ್ಲಕ್ಕೆ ಕೈಕೊಟ್ಟು ಅದನ್ನೇ ನೋಡುತ್ತಿದ್ದಳು. ಈ ಸೇತುವೆ ಮುಗಿಯದಿದ್ದರೆ ಎಷ್ಟು ಚೆನ್ನ ಎಂದುಕೊಂಡೆ. ಸೇತುವೆ ಮುಗಿದರೆ ಮರುಭೂಮಿ, ಆಮೇಲೆ ಪರೀಕ್ಷೆ, ಆಮೇಲೆ ಜೂನ್.

ಬಾವಾ ತಮಗೆ ವೀಸಾ ಕೊಟ್ಟ ಧಣಿ, ಕಫೀಲರ ಡೇರೆಗಳ ಪಕ್ಕದಲ್ಲಿ, ಅವರ ಅನುಮತಿ ಪಡೆದು, ನಮ್ಮ ಮನೆಯನ್ನು ಪೂರ್ವಾಭಿಮುಖವಾಗಿ ನಿಲ್ಲಿಸಿ, “ನಾಳೆ ಹತ್ತಕ್ಕೆ ಬರ್ತೇನೆ, ಆರಾಮಲ್ಲಿ ಇರಿ” ಎಂದು ಹೊರಟುಹೋದರು. ಕುಕ್ಕರ್ ಕೂಗಿತು. ಪಕ್ಕದ ಡೇರೆಯವರ ಒಂಟೆ ಕತ್ತೆತ್ತಿ ನಮ್ಮ ಕಡೆ ನೋಡಿತು. ಬಿಸಿಬೇಳೆ ಬಾತು, ಹಪ್ಪಳ, ಎರಡನೆಯ ಸಲ ಬಾತು, ಆಮೇಲೆ ಮೊಸರನ್ನ. ಚಳಿಗಾಲದ ಬಿಸಿಲು ಹದವಾಗಿ ಬಿದ್ದಿತ್ತು. ಅಮ್ಮ ಆಕಳಿಸಿದರು, ಅವರ ಹಿಂದೆ ಎಲ್ಲರೂ ಆಕಳಿಸಿದರು. ಒಬ್ಬೊಬ್ಬರಾಗಿ ಒಳಗೆ ಹೋಗಿ ಅವರವರ ಮಂಚ ಹಿಡಿದರು. ನಾನು ಕೊನೆಯ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಪರಮತೃಪ್ತಿಯಿಂದ ಮೆಟ್ಟಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ.

“ಗೋಪಾಲ, ಹೊರಗೇನೋ ಮಾಡ್ತಿದೀಯ? ಶಾಸ್ತ್ರಿಗಳು ಏನು ಹೇಳಿದ್ರು? ಯಜಮಾನ ಒಳಗೆ ಮಲಗ್ಬೇಕು. ಬಾ” ಎಂದರು ಅಮ್ಮ ಒಳಗಿನಿಂದ.

ಒಳಗೆ ಹೋದೆ. ಎಡಕ್ಕೆ ನೋಡಿದೆ, ಅಮ್ಮ. ಬಲಕ್ಕೆ ನೋಡಿದೆ, ಶ್ರಾವಣಿ. ಮೇಲೆ ಕುಶಾಲ. ಇನ್ನೊಂದು ಕಡೆ ಮೇಲೆ ನಿಧಿ. ಮತ್ತೆ ಎಡಕ್ಕೆ ನೋಡಿದೆ. ಅಮ್ಮನೇ.

“ಏನ್ ಹುಡುಕ್ತಿದೀರಿ?” ಎಂದಳು ಶ್ರಾವಣಿ.

“ನನ್ನ ಮಂಚ.”

ಶ್ರಾವಣಿ ನಿಧಾನವಾಗಿ ಎದ್ದು ಕೂತಳು.

“ರೀ… ಬಾವಾ ಅಷ್ಟು ಸ್ಪಷ್ಟವಾಗಿ ಕೇಳಿದ್ರಲ್ಲ, ಎಷ್ಟು ಜನ ಅಂತ. ಎಣಿಸಿದ್ದು ಯಾರು?”

“ನಾನೇ.”

“ಲಿಫ್ಟಲ್ಲಿ ಎಷ್ಟು ಜನ ಅಂತ ಬರೆಯೋದು ಯಾರ ಕೆಲಸ?”

“ನಂದೇ.”

“ನೀವು ಮಾಡಿದ ಲಿಫ್ಟಿಗೆ ನಾನಿನ್ನು ಕಾಲಿಡಲ್ಲ. ಹನ್ನೊಂದು ಮಹಡೀನೂ ಮೆಟ್ಟಿಲೇ ಹತ್ತೀನಿ.”

ಎರಡು ವಾರ ಇದೇ ಕನಸು ಕಂಡಿದ್ದೆ. ಅದರಲ್ಲಿ ಎಲ್ಲರ ಮುಖವೂ ಇತ್ತು, ಪರದೆಯ ಹೂವೂ ಇತ್ತು. ನೋಡುತ್ತಾ ನಿಂತವನು ಎಲ್ಲಿ ಮಲಗುತ್ತಾನೆ ಎಂಬುದೊಂದು ಹೊಳೆಯಲೇ ಇಲ್ಲ. ಎಲ್ಲರೂ ಒಟ್ಟಿಗೆ ಮಲಗಿ ಏಳಬೇಕು ಅಂತ ಆಸೆಪಟ್ಟು, ನನ್ನನ್ನೇ ಕೈಬಿಟ್ಟಿದ್ದೆ. ನಾಚಿಕೆಯೂ ಆಯಿತು, ಅಳುವೂ ಬಂತು.

ಪರಿಹಾರದ ಪ್ರಯತ್ನಗಳು ನಡೆದವು. ಕುಶಾಲನ ಪಕ್ಕ ಮಲಗಹೋದರೆ ಮಂಚ ಕಿರ್ರೆಂದಿತು. ಕೆಳಗಿದ್ದ ಶ್ರಾವಣಿ ಅದಕ್ಕಿಂತ ಜೋರಾಗಿ ಕಿರುಚಿದಳು. ನೆಲದ ಮೇಲೆ ಮಲಗಿ ನೋಡಿದೆ. ತಲೆ ಫ್ರಿಜ್ಜಿಗೆ ತಾಗಿದರೆ ಕಾಲು ಪಾಯಿಖಾನೆಯ ಒಳಗಿರುತ್ತಿತ್ತು. “ಯಜಮಾನನ ಪಾದ ಅಲ್ಲಿಡಬಾರದು” ಎಂದು ಅಮ್ಮ ಎಬ್ಬಿಸಿದರು. ತಿರುಗಿ ಮಲಗಿದೆ. “ತಲೆ ಅಂತೂ ಇಡಲೇಬಾರದು” ಎಂದು ಮತ್ತೆ ಎಬ್ಬಿಸಿದರು.

“ನಾಳೇನೇ ಬಾವಾಗೆ ಹೇಳಿ ಇದನ್ನ ವಾಪಸ್ ಕೊಡಿ. ಐದು ಮಂಚದ್ದು ತನ್ನಿ” ಎಂದಳು ಶ್ರಾವಣಿ.

“ನೋ ನೀಡ್ ಅಮ್ಮ” ಎಂದಳು ನಿಧಿ ಮೇಲಿನಿಂದ. ದುಂಡು ಕಿಟಕಿಯಿಂದ ಬಿಸಿಲು ಬಂದು ಅವಳ ಕೂದಲ ಮೇಲೆ ಬಿದ್ದಿತ್ತು. “ಇಟ್ಸ್ ಓನ್ಲಿ ಟಿಲ್ ಜೂನ್. ಆಮೇಲೆ ನನ್ ಬೆಡ್ ಅಪ್ಪ ತಗೋಬಹುದಲ್ಲ.”

ಅವಳು ಎಷ್ಟು ಹಗುರವಾಗಿ ಹೇಳಿದಳೆಂದರೆ, ಬಸ್ಸಿನಲ್ಲಿ ಮುಂದಿನ ಸ್ಟಾಪಿಗೆ ಇಳಿಯುವವರು ಸೀಟು ತೋರಿಸುತ್ತಾರಲ್ಲ, ಹಾಗೆ. ಶ್ರಾವಣಿ ತಲೆದಿಂಬಿನ ಕವರು ಸರಿಮಾಡತೊಡಗಿದಳು. ಅಮ್ಮ ಗೋಡೆಯ ಕಡೆ ಹೊರಳಿದರು.

“ಬೇಡ!” ಎಂದೆ. ದನಿ ನನಗೇ ಜೋರೆನಿಸಿತು. “ಆ ಮಂಚಕ್ಕೆ ಯಾರೂ ಕೈ ಹಚ್ಚಕೂಡದು. ಅದು ನಿಂದು. ರಜಕ್ಕೆ ಬರ್ತೀಯಲ್ಲ, ಆಗ ಬೇಕಾಗುತ್ತೆ.”

“ದೆನ್ ವೇರ್ ವಿಲ್ ಯೂ ಸ್ಲೀಪ್?”

“ಕುರ್ಚಿ ಇದೆಯಲ್ಲ? ನನಗೆ ಕುರ್ಚಿನೇ ಇಷ್ಟ. ಬೆನ್ನುಮೂಳೆಗೂ ಒಳ್ಳೇದು.”

“ಅಲ್ಲಾರೀ, ಈಗ ತಾನೇ ಮಂಚ ಇಲ್ಲ ಅಂತ ಮುಖ ಸಣ್ಣ ಮಾಡ್ಕೊಂಡಿದ್ರಿ. ಕೊಟ್ರೆ ಬೇಡ ಅಂತೀರಲ್ಲ?” ಎಂದಳು ಶ್ರಾವಣಿ. ಆದರೆ ಅವಳ ಮಾತಿನಲ್ಲಿ ಮೊಣಕೈ ಇರಲಿಲ್ಲ.

ಹೊರಗೆ ಬಂದು, ಬಿಸಿಲಿಗೆಂದು ಪಾತ್ರೆ ಒರೆಸಿದ ಬಟ್ಟೆಯನ್ನು ತಲೆಗೆ ಸುತ್ತಿ, ಕುರ್ಚಿಯನ್ನು ಮನೆಗೆ ಮುಖಮಾಡಿ ಹಾಕಿಕೊಂಡು ಕೂತೆ. ಶಾಸ್ತ್ರಿಗಳ ಮಾತು ಮೀರಬಾರದೆಂದು ಅಮ್ಮ ಒಂದು ದಾರಿ ಕಂಡುಹಿಡಿದರು: ನನ್ನ ಎರಡೂ ಪಾದಗಳನ್ನು ಹೊಸ್ತಿಲ ಒಳಗೆ ಇಡಿಸಿದರು. ಅಷ್ಟರಮಟ್ಟಿಗೆ ಯಜಮಾನ ಒಳಗಿದ್ದ ಹಾಗೆ. ಆಮೇಲೆ ಕಿಟಕಿಯಿಂದ ಒಂದು ದಿಂಬು ಹಾರಿ ಬಂದು ಹೊಟ್ಟೆಯ ಮೇಲೆ ಬಿತ್ತು. ಯಾರು ಎಸೆದದ್ದೆಂದು ಕೇಳಲಿಲ್ಲ.

ಎದುರಿಗೆ ತೆರೆದ ಬಾಗಿಲು, ಹೂವಿನ ಪರದೆ. ಸ್ವಲ್ಪ ಹೊತ್ತಿಗೆ ಮೇಲಿನ ಮಂಚದಿಂದ ನಿಧಿ ಕೆಳಗೆ ಬಗ್ಗಿ, ನೀರು ಕುಡಿಯಲು ಇಳಿದಿದ್ದ ಕುಶಾಲನಿಗೆ ಏನೋ ಹೇಳಿದಳು. ಅವನು ನಕ್ಕ, ಶ್ರಾವಣಿ ನಕ್ಕಳು, ಅಮ್ಮ ಹೊದಿಕೆಯೊಳಗೇ ನಕ್ಕರು. (ವಿಷಯ ನನ್ನ ಬಗ್ಗೆಯೇ ಇದ್ದಿರಬೇಕು.) ಗಾಡಿ ಮೆಲ್ಲಗೆ ಅಲುಗಾಡಿತು, ಹೊಸ್ತಿಲ ಮೇಲಿದ್ದ ನನ್ನ ಪಾದಗಳಿಗೂ ಅದು ತಿಳಿಯಿತು. ನಾನು ಕಂಡ ಕನಸು ಇದ್ದ ಹಾಗೇ ಇತ್ತು, ನಾನು ನಿಂತಿದ್ದ ಜಾಗವೂ ಸೇರಿದಂತೆ. ಹಾಗೆಯೇ ಕಣ್ಣು ಮುಚ್ಚಿತು.

ಎಚ್ಚರವಾದಾಗ ನಾಲ್ವರೂ ಕಿಟಕಿಗಳಲ್ಲಿ ಮುಖ ತೂರಿಸಿ ನನ್ನನ್ನೇ ನೋಡುತ್ತಿದ್ದರು. ಒಂಟೆಯೂ ನೋಡುತ್ತಿತ್ತು. ನಿಧಿಯ ಕೈಯಲ್ಲಿ ಫೋನಿತ್ತು, ಹೊರಗಿಳಿದು ಫೋಟೋ ತೆಗೆದೂ ಆಗಿತ್ತು. ಇಷ್ಟು ವರ್ಷಗಳ ನಮ್ಮ ಸಂಸಾರದ ಪ್ರವಾಸದ ಫೋಟೋಗಳಲ್ಲಿ ನಾನು ಬಿದ್ದಿರುವುದು ಅದೊಂದರಲ್ಲೇ: ತಲೆಗೆ ಪಾತ್ರೆ ಒರೆಸಿದ ಬಟ್ಟೆ, ಹೊಟ್ಟೆಯ ಮೇಲೆ ದಿಂಬು, ಬಾಯಿ ಪೂರ್ತಿ ತೆರೆದಿದೆ, ಪಾದ ಮಾತ್ರ ಮನೆಯೊಳಗೆ. ಹಾಸ್ಟೆಲ್ ಗೋಡೆಗೆ ಅದನ್ನೇ ಅಂಟಿಸುತ್ತಾಳಂತೆ.

ಫೋಟೋದಲ್ಲಿ ಬಾಗಿಲ ಪಕ್ಕ, ಗಾಡಿಯ ಮೈಗೆ ಒಂದು ರಟ್ಟು ಅಂಟಿಸಿರುವುದು ಕಾಣುತ್ತದೆ. ನಾನು ಮಲಗಿದ್ದಾಗ ನಿಧಿ ಹಪ್ಪಳದ ಡಬ್ಬಿಯ ಮುಚ್ಚಳ ಹರಿದು, ಅಜ್ಜಿಯಿಂದ ಅಕ್ಷರ ಕೇಳಿಕೊಂಡು, ಅಡ್ಡಾದಿಡ್ಡಿ ಕನ್ನಡದಲ್ಲಿ ಬರೆದು ಹಚ್ಚಿದ ಫಲಕ. ಶ್ರಾವಣಿ ಅದನ್ನು ಕಿತ್ತುಹಾಕಿ ಎನ್ನುತ್ತಲೇ ಇದ್ದಾಳೆ, ನಾನು ಕಿತ್ತಿಲ್ಲ. ಜೂನ್ ಕಳೆದ ಮೇಲೂ ಅದರಲ್ಲಿ ಒಂದಕ್ಷರ ಬದಲಾಯಿಸಬೇಕಾಗಿ ಬರುವುದಿಲ್ಲ.

‘ಐದು ಜನ. ಒಬ್ಬರು ಹೊರಗೆ.’